ಕರಿಗೆರೆ ಇಳಿಯುವುದು ಚಾವಣಿಯಿಂದ! ನಮ್ಮ ಮೋಟರ್‌ಹೋಮ್ ತೊಳೆದು ವ್ಯಾಕ್ಸ್ ಹಾಕಿದ ದಿನ

ನಮಸ್ಕಾರ, ಬನ್ನಿ ಬನ್ನಿ. ಮೊದಲು ಇಲ್ಲಿ ನೋಡಿ. ಕಿಟಕಿಯ ಈ ಮೂಲೆಯಿಂದ ಶುರುವಾಗಿ ಟೈರಿನ ತನಕ ಇಳಿದಿದೆಯಲ್ಲ, ಇದೇ ಆ ಕರಿಗೆರೆ. ಆ ಮೂಲೆಯಲ್ಲಿ ಇನ್ನೊಂದು. ಹಿಂದಿನ ಏಣಿಯ ಪಕ್ಕದಲ್ಲಂತೂ ಲೆಕ್ಕವೇ ಇಲ್ಲ. ಹೋದ ವಾರ ಒಂದೇ ಒಂದು ಮಳೆ ಬಂತು, ಅಷ್ಟೇ. ಅದಕ್ಕೂ ಮುಂಚೆ ಗಾಡಿ ಬೆಳ್ಳಗೇ ಇತ್ತು. ಮಳೆ ಬಂದರೆ ಗಾಡಿ ತಾನಾಗಿಯೇ ತೊಳೆದುಕೊಳ್ಳುತ್ತದೆ ಅನ್ನುವವರು ಒಂದು ಸಲ ಇದರ ಹತ್ತಿರ ಬಂದು ನಿಲ್ಲಬೇಕು.

ಹೊಸಬರಿಗೆ ಹೇಳಿಬಿಡುತ್ತೇನೆ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೊ ಹತ್ತಿರದ ಫಾಲ್ಸಮ್. ಗಾಡಿ ಸೆಕೆಂಡ್ ಹ್ಯಾಂಡ್, ಕ್ಲಾಸ್ ಸಿ ಮೋಟರ್‌ಹೋಮ್. ಮುಂದುಗಡೆ ಫೋರ್ಡ್ ವ್ಯಾನಿನ ಮುಖ, ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ, ಹಿಂದೆ ಮನೆ. ನಮ್ಮ ಬಡಾವಣೆಯಲ್ಲಿ ಇದನ್ನು ಕಾಯಮ್ಮಾಗಿ ನಿಲ್ಲಿಸಲು ಬಿಡುವುದಿಲ್ಲ. ವರ್ಷವೆಲ್ಲ ಊರಾಚೆ ಬಯಲಿನಲ್ಲಿ ಬಾಡಿಗೆ ಜಾಗದಲ್ಲಿ ನಿಂತಿರುತ್ತದೆ. ಈಗ ತೊಳೆಯುವುದಕ್ಕೆ ಅಂತ ಹೇಳಿ ಮನೆ ಮುಂದೆ ತಂದಿದ್ದೇವೆ. ಎದುರು ಮನೆಯವರು ಆಗಲೇ ಪರದೆ ಸರಿಸಿ ನೋಡಿಯಾಯಿತು.

ಏಣಿ ಹಿಡಿದು ನಿಂತಿರುವವರು ನಮ್ಮ ಮಾವ. ಸಾಗರದಿಂದ ಬಂದಿದ್ದಾರೆ. ಬಂದಾಗಿನಿಂದ ಕೈಗೆ ಕೆಲಸ ಇಲ್ಲ ಅಂತ ಗೊಣಗುತ್ತಿದ್ದರು. ಈಗ ಕೆಲಸ ಸಿಕ್ಕಿದೆ, ಅದಕ್ಕೂ ಗೊಣಗುತ್ತಿದ್ದಾರೆ. "ಎಂತ ಮಾರಾಯ್ತಿ, ಮನೆಗೆ ಚಕ್ರ ಹಾಕಿ ಅದರ ಸೂರನ್ನೂ ನಾವೇ ತೊಳೆಯಬೇಕಾ?" ಹೌದು ಮಾವ, ನಾವೇ ತೊಳೆಯಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಅದಕ್ಕೊಂದು ರೇಟಿನ ಕಥೆ ಇದೆ.

ಮೇಲೆ ಬಂದೆ. ಒದ್ದೆಯಾದರೆ ಈ ಚಾವಣಿ ವಿಪರೀತ ಜಾರುತ್ತದೆ, ಅದಕ್ಕೇ ಮಂಡಿಯೂರಿಕೊಂಡೇ ಓಡಾಡುತ್ತಿದ್ದೇನೆ. ಮಂಡಿ ಕೆಳಗೆ ಪ್ಲೈವುಡ್ ತುಂಡು. ಇಲ್ಲಿ ಬೆರಳು ಒರೆಸಿ ತೋರಿಸುತ್ತೇನೆ. ಕಂಡಿತಾ? ಬೆರಳ ತುದಿ ಬೂದು, ಆದರೆ ಅದರ ಕೆಳಗೆ ಸೀಮೆಸುಣ್ಣದ ಬಿಳಿ. ಬೂದು ಧೂಳು. ಬಿಳಿ ಇದೆಯಲ್ಲ, ಅದು ಚಾವಣಿಯೇ! ಇದು ರಬ್ಬರ್ ಚಾವಣಿ, ಇಪಿಡಿಎಂ ಅನ್ನುತ್ತಾರೆ. ಬಿಸಿಲಿಗೆ ಇದರ ಮೇಲ್ಪದರ ನಿಧಾನಕ್ಕೆ ಪುಡಿಯಾಗುತ್ತಾ ಹೋಗುತ್ತದೆ. ಅದು ಇದರ ಗುಣ, ಕೆಟ್ಟುಹೋಯಿತು ಅಂತ ಗಾಬರಿಯಾಗಬೇಡಿ. ಆ ಪುಡಿ, ಧೂಳು, ಹೈವೇ ಹೊಗೆಯ ಮಸಿ, ಮರದಿಂದ ಉದುರಿದ್ದು, ಎಲ್ಲ ಸೇರಿ ಇಲ್ಲೇ ಕೂತಿರುತ್ತವೆ. ನಮ್ಮ ಕಡೆ ಬೇಸಿಗೆಯಲ್ಲಿ ಮಳೆ ಅನ್ನುವುದೇ ಇಲ್ಲ. ತಿಂಗಳುಗಟ್ಟಲೆ ಒಣ. ಅದರ ಮೇಲೆ ಆಗಸ್ಟ್‌ನಿಂದ ಬಾದಾಮಿ ಕೊಯ್ಲು ಶುರು. ಜಗತ್ತಿನ ಬಾದಾಮಿಯಲ್ಲಿ ನೂರಕ್ಕೆ ಸುಮಾರು 80 ಭಾಗ ಬೆಳೆಯುವುದು ಇಲ್ಲಿನ ಸೆಂಟ್ರಲ್ ವ್ಯಾಲಿ ಅನ್ನುವ ಕಣಿವೆಯಲ್ಲಿ. ಮೆಷಿನ್ ಮರದ ಬುಡ ಹಿಡಿದು ಗಡಗಡ ಅಲ್ಲಾಡಿಸುತ್ತದೆ, ಕಾಯಿ ನೆಲಕ್ಕೆ ಬೀಳುತ್ತವೆ, ಒಣಗಿದ ಮೇಲೆ ಇನ್ನೊಂದು ಮೆಷಿನ್ ಬಂದು ಗುಡಿಸುತ್ತದೆ. ಆಗ ಏಳುವ ಧೂಳು ನೋಡಬೇಕು ನೀವು! ದಾರಿಯಲ್ಲಿ ಹೋಗುವಾಗ ತೋಟ ಕಾಣಿಸುವುದಿಲ್ಲ, ಬರೀ ಕಂದು ಮೋಡ. ಬಾದಾಮಿ ಮಾತ್ರ ಇಲ್ಲೂ ಅಗ್ಗ ಇಲ್ಲ ಬಿಡಿ, ತೋಟದ ಪಕ್ಕದಲ್ಲೇ ಇದ್ದರೂ... ಅಯ್ಯೋ, ಶಾಟ್ ಮುಗಿಯುತ್ತಿದೆ.

ಹೇಳಲು ಹೊರಟದ್ದು ಏನು ಅಂದರೆ, ಮೊದಲ ಮಳೆಗೆ ಇದೆಲ್ಲ ಕರಗಿ ಅಂಚಿಗೆ ಬರುತ್ತದೆ, ಅಲ್ಲಿಂದ ಗೋಡೆಗೆ ಇಳಿಯುತ್ತದೆ, ನೀರು ಆರುತ್ತದೆ, ಕೊಳೆ ಉಳಿಯುತ್ತದೆ. ಹಾಗಾಗಿ ಬರೀ ಗೋಡೆ ಉಜ್ಜಿ ಪ್ರಯೋಜನ ಇಲ್ಲ. ಚಾವಣಿ ತೊಳೆಯದೆ ಗೋಡೆಗೆ ವ್ಯಾಕ್ಸ್, ಅಂದರೆ ಹೊಳಪಿನ ಮೇಣ, ಹಾಕಿಸುವುದು ದುಡ್ಡು ದಂಡ. ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಚಾವಣಿಗೆ ಮೆತ್ತನೆ ಬ್ರಷ್, ಸಾದಾ ಸೋಪಿನ ನೀರು, ಸಾಕು. ಮಾವ ಕೆಳಗಿನಿಂದ "ಸ್ವಲ್ಪ ಸೀಮೆಎಣ್ಣೆ ಹಾಕು, ಥಟ್ ಅಂತ ಹೋಗುತ್ತದೆ" ಅಂದರು. ಬೇಡ ಮಾವ! ಪೆಟ್ರೋಲಿಯಂ ಸೇರಿದ ಯಾವುದು ಬಿದ್ದರೂ ಈ ರಬ್ಬರ್ ಉಬ್ಬಿಕೊಳ್ಳುತ್ತದೆ. ಹಾಗೇ ಮೇಲೆ ಬಂದಾಗ ಫ್ಯಾನು, ಪೈಪುಗಳ ಸುತ್ತ ಇರುವ ಈ ಬಿಳಿ ಅಂಟನ್ನೂ ನೋಡಿಕೊಳ್ಳಿ. ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ನೀರು. ಗೋಡೆ ಕಪ್ಪಾದರೆ ಉಜ್ಜಬಹುದು, ಒಳಗಿನ ಮರ ಕೊಳೆತರೆ ಕಷ್ಟ.

ಈಗ ರೇಟಿನ ಕಥೆ. ಗಾಡಿ ತೊಳೆದು ವ್ಯಾಕ್ಸ್ ಹಾಕುವುದಕ್ಕೇ ಅಂತ ಇರುವ ಡಿಟೇಲಿಂಗ್‌ನವನೊಬ್ಬನನ್ನು ಕರೆಸಿದ್ದೆವು. ಇಲ್ಲಿ ಗಾಡಿಗೆ ಇಷ್ಟು ಅಂತ ಹೇಳುವುದಿಲ್ಲ, ಅಡಿ ಲೆಕ್ಕ. ಒಂದು ಅಡಿಗೆ 32 ಡಾಲರ್ ಅಂದ. ಸರಿ, ಗಾಡಿಯ ಮಾಡೆಲ್ ಹೆಸರಿನಲ್ಲೇ 24 ಅಂತ ಇದೆ, ಮನಸ್ಸಿನಲ್ಲೇ ಗುಣಿಸಿಕೊಂಡೆ, 768. ದುಬಾರಿ, ಆದರೂ ನೋಡೋಣ ಅಂದುಕೊಂಡೆ. ಅವನು ಟೇಪು ತೆಗೆದ. ಮುಂದಿನ ಬಂಪರ್‌ನ ಮೂತಿಯಿಂದ ಶುರು ಮಾಡಿದ. ಎಳೆದುಕೊಂಡು ಹೋದ, ಹೋದ, ಹೋದ. ಗಾಡಿಯ ಹಿಂದಿನ ಗೋಡೆ ಬಂತು, ನಿಲ್ಲಲಿಲ್ಲ! ಅದರಾಚೆ ಇರುವ ಕಬ್ಬಿಣದ ಬಂಪರು, ಅದರಾಚೆ ಚಾಚಿಕೊಂಡಿರುವ ಏಣಿಯ ಕಂಬಿ, ಅಲ್ಲಿಗೆ ಹೋಗಿ ಟೇಪಿನ ಮೇಲೆ ಹೆಬ್ಬೆರಳಿಟ್ಟು "27" ಅಂದ. ಏಣಿಯ ಕಂಬಿಗೂ ಗೋಡೆಗೂ ಮಧ್ಯೆ ಇರುವ ಗಾಳಿಗೂ ಇವನು ವ್ಯಾಕ್ಸ್ ಹಾಕುತ್ತಾನಾ? ಕೇಳಿದೆ. "ಎಲ್ಲರೂ ಹೀಗೇ ಅಳೆಯುವುದು" ಅಂತ ನಕ್ಕ. ಕಂಪನಿಯವರು ಮಾಡೆಲ್‌ಗೆ ಇಡುವ ನಂಬರಿಗೂ ನಿಜವಾದ ಉದ್ದಕ್ಕೂ ಎಷ್ಟೋ ಸಲ ತಾಳೆ ಇರುವುದಿಲ್ಲ, ಅದು ನಿಜ. ಆದರೂ ಬಂಪರು ಏಣಿ ಎಲ್ಲ ಸೇರಿಸಿ 864 ಡಾಲರ್. ಹೋಗಲಿ ಅಂತ ಚಾವಣಿಯೂ ಇದರಲ್ಲೇ ಬಂತಲ್ವಾ ಅಂದರೆ, ಇಲ್ಲವಂತೆ! ಚಾವಣಿಗೆ ಬೇರೆ 200. ಕೊಳೆ ಇರುವುದೇ ಅಲ್ಲಿ, ಅದನ್ನು ಬಿಟ್ಟು ಗೋಡೆ ಹೊಳೆಸುತ್ತಾನಂತೆ. ಮುಂದಿನ ಮಳೆಗೆ ಮತ್ತೆ ಇವನನ್ನೇ ಕರೆಯಬೇಕು, ಮತ್ತೆ ಟೇಪು.

ಮಾವ ಪಕ್ಕದಲ್ಲೇ ನಿಂತು ರೂಪಾಯಿಗೆ ಗುಣಿಸುತ್ತಿದ್ದರು. ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರಿಗೆ ಇದೊಂದು ಚಟ, ಕಾಫಿ ಕುಡಿದರೂ ಗುಣಿಸುತ್ತಾರೆ. 90 ಸಾವಿರ ದಾಟಿತು. "ಈ ದುಡ್ಡಿಗೆ ಊರಲ್ಲಿ ಮನೆಗೆಲ್ಲ ಬಣ್ಣ ಹೊಡೆಸಬಹುದಿತ್ತಲ್ಲ" ಅಂದರು. ಅಷ್ಟಕ್ಕೆ ಸಾಗರದಲ್ಲಿ ಈಗ ಬಣ್ಣ ಹೊಡೆಯುತ್ತಾರೋ ಇಲ್ಲವೋ, ನಾನು ವಾದ ಮಾಡಲಿಲ್ಲ. ಬೇಡಪ್ಪಾ, ನಾವೇ ಮಾಡಿಕೊಳ್ಳುತ್ತೇವೆ ಅಂತ ಅವನನ್ನು ಕಳಿಸಿಬಿಟ್ಟೆವು.

ಇಗೋ, ಗೋಡೆ ತೊಳೆಯುವುದು. ನೀವು ನೋಡುತ್ತಿದ್ದೀರಿ, ಹೇಳುವುದೇನಿಲ್ಲ. ಒಂದೇ ಮಾತು. ಗೋಡೆಯನ್ನು ಮೊದಲು ಕೆಳಗಿನಿಂದ ಮೇಲಕ್ಕೆ ಒದ್ದೆ ಮಾಡಿಕೊಂಡು ಬನ್ನಿ. ಒಣ ಗೋಡೆ ಮೇಲೆ ಕೊಳೆನೀರು ಇಳಿದರೆ ಹೊಸ ಗೆರೆ ಬೀಳುತ್ತದೆ. ಪ್ರೆಶರ್ ವಾಷರ್ ಬೇಡ, ಸ್ಟಿಕರ್ ಕಿತ್ತುಬರುತ್ತದೆ, ಕಿಟಕಿಯ ಅಂಟೂ ಸಡಿಲವಾಗುತ್ತದೆ. ಸೋಪು ಕಾರ್ ಶಾಂಪೂ. ಪಾತ್ರೆ ತೊಳೆಯುವ ಸೋಪು ಹಾಕಿದರೆ ಇದ್ದ ವ್ಯಾಕ್ಸೂ ಎದ್ದುಹೋಗುತ್ತದೆ. ಹೇಗೂ ಹೊಸದು ಹಾಕುತ್ತೇವಲ್ಲ ಅಂತೀರಾ? ಹಾಗಾದರೆ ಇವತ್ತೊಂದು ದಿನ ಪರವಾಗಿಲ್ಲ.

ಗಾಡಿಯನ್ನು ಹೀಗೆ ಅರ್ಧ ಜಲ್ಲಿಕಲ್ಲಿನ ಮೇಲೆ ನಿಲ್ಲಿಸಿದ್ದು ಯಾಕೆ ಗೊತ್ತಾ? ಸೋಪಿನ ನೀರು ನೆಲಕ್ಕೇ ಇಂಗಲಿ ಅಂತ. ಅಲ್ಲಿ ರಸ್ತೆ ಬದಿ ಚರಂಡಿ ಬಾಯಿ ಪಕ್ಕ ಮೀನಿನ ಚಿತ್ರ ಇದೆ ನೋಡಿ. ಇಲ್ಲಿಗೆ ಬಿಟ್ಟದ್ದು ಶುದ್ಧವಾಗದೆ ನೇರ ಹೊಳೆಗೆ ಹೋಗುತ್ತದೆ ಅಂತ ಅರ್ಥ. ಮಾವನಿಗೆ ಅದು ಬಹಳ ಹಿಡಿಸಿತು, ಹೋಗಿ ಫೋಟೊ ತೆಗೆದುಕೊಂಡು ಬಂದರು. ಏಣಿ ಯಾರು ಹಿಡಿಯಬೇಕು? ಕ್ಯಾಮೆರಾ ಹಿಡಿದಿದ್ದ ನಮ್ಮ ಮನೆಯವರು. ಅದಕ್ಕೇ ಮುಂದಿನ ಶಾಟು ಬರೀ ಆಕಾಶ.

ತೊಳೆದ ಮೇಲೂ ಕೆಲವು ಗೆರೆ ಹೋಗಿಲ್ಲ. ಇದಕ್ಕೇ ಅಂತ ಸ್ಪ್ರೇ ಸಿಗುತ್ತದೆ, ಹೊಡೆದು ಒಂದು ನಿಮಿಷ ಬಿಟ್ಟು ಒರೆಸಿದರೆ ಹೋಗುತ್ತದೆ. ಚೆನ್ನಾಗಿಯೇ ಹೋಗುತ್ತದೆ. ಆದರೆ ಅದರ ಜೊತೆ ವ್ಯಾಕ್ಸೂ ಹೋಗುತ್ತದೆ, ಮುಂದಿನ ಸಲ ಕೊಳೆ ಅಲ್ಲೇ ಇನ್ನೂ ಜೋರಾಗಿ ಹಿಡಿಯುತ್ತದೆ. ಇನ್ನು ಆ ಬಿಳಿ ಮೆಲಮಿನ್ ಸ್ಪಂಜು, ಮ್ಯಾಜಿಕ್ ಅಂತ ಮಾರುತ್ತಾರಲ್ಲ, ಅದನ್ನು ದಯವಿಟ್ಟು ಮುಟ್ಟಬೇಡಿ. ಅದು ಕೊಳೆ ಕರಗಿಸುವುದಿಲ್ಲ, ಮೇಲ್ಮೈಯನ್ನೇ ತೀಡುತ್ತದೆ, ನುಣುಪು ಮರಳು ಕಾಗದವೇ ಅದು.

ಅಂಗೈ ಗೋಡೆಗೆ ಒತ್ತಿ ತೆಗೆದೆ, ನೋಡಿ. ಬೆಳ್ಳಗೆ ಪುಡಿ. ತೊಳೆದು ಒಣಗಿದ ಮೇಲೂ ಹೀಗೆ ಬರುತ್ತಿದೆ. ಗೋಡೆ ಫೈಬರ್‌ಗ್ಲಾಸ್, ಅದರ ಹೊರಗೆ ಜೆಲ್‌ಕೋಟ್ ಅನ್ನುವ ತೆಳು ಪದರ. ಬಿಸಿಲಿಗೆ ಅದು ಹೊಳಪು ಕಳೆದುಕೊಂಡು ಒರಟಾಗುತ್ತದೆ, ಕಣ್ಣಿಗೆ ಕಾಣದ ತೂತು ಬೀಳುತ್ತವೆ, ಕೊಳೆ ಹೋಗಿ ಅದರೊಳಗೆ ಕೂರುತ್ತದೆ. ಇದರ ಮೇಲೆ ನೇರವಾಗಿ ವ್ಯಾಕ್ಸ್ ಹಾಕಿದರೆ ಕೊಳೆಯನ್ನು ಒಳಗಿಟ್ಟು ಮುಚ್ಚಿದ ಹಾಗೆ. ಮೊದಲು ಪಾಲಿಶ್ ಮೆಷಿನ್ನು, ಅದರ ಜೊತೆ ಕಾಂಪೌಂಡು ಅನ್ನುವ ಉಜ್ಜುವ ಪೇಸ್ಟು. ಮೆಷಿನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಓಡಿಸಿ ನೋಡಿ, ಭುಜ ಹೇಳುತ್ತದೆ. ಈಗ ಅನ್ನಿಸುತ್ತಿದೆ, ಅವನು ಅಡಿಗೆ 32 ಕೇಳಿದ್ದು ಅಷ್ಟೇನೂ ಅನ್ಯಾಯ ಅಲ್ಲ. ಆ ಮೂರು ಅಡಿ ಮಾತ್ರ ಅನ್ಯಾಯವೇ. ಅದನ್ನು ನಾನು ಬಿಡುವುದಿಲ್ಲ.

ಈಗ ವ್ಯಾಕ್ಸು. ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು, ಅಂದರೆ ಯಾವಾಗಲೂ ನೆರಳಿರುವ ಕಡೆ. ಬಿಸಿ ಗೋಡೆ ಮೇಲೆ ಹಾಕಿದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ಒರೆಸಲು ಬರುವುದಿಲ್ಲ. ಎರಡಡಿ ಚೌಕ ತೆಗೆದುಕೊಂಡು ತೆಳ್ಳಗೆ ಸವರಿ, ಮಂಜಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುವುದು. ದಪ್ಪಗೆ ಬಳಿದರೆ ಜಾಸ್ತಿ ದಿನ ಬರುವುದಿಲ್ಲ, ಒರೆಸುವ ಕೆಲಸ ಜಾಸ್ತಿ, ಅಷ್ಟೇ. ಕಪ್ಪು ರಬ್ಬರ್ ಅಂಚಿಗೆ ತಾಗದ ಹಾಗೆ ಟೇಪು ಅಂಟಿಸಿಕೊಳ್ಳಿ. ಅದರ ಮೇಲೆ ಬಿಳಿ ಕಲೆ ಕೂತರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

ಈ ಡಬ್ಬಿಯಲ್ಲಿರುವುದು ಕಾರ್ನೋಬಾ. ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರ, ಅದರ ಎಲೆ ಮೇಲಿನ ಮೇಣ. ಎಲೆ ಒಣಗಿಸಿ ಬಡಿದು ತೆಗೆಯುತ್ತಾರೆ. ಅಂಗಡಿಯ ಹೊಳೆಯುವ ಮಿಠಾಯಿ ಪೊಟ್ಟಣದಲ್ಲಿ ಇ903 ಅಂತ ಬರೆದಿದ್ದರೆ ಅದೂ ಇದೇ. ನಮ್ಮ ಮಗಳಿಗೆ ಹೇಳಿದೆ, ಅವಳು ಡಬ್ಬಿ ಮೂಸಿ ನೋಡಿ ಮುಖ ಕಿವುಚಿದಳು. ಡಬ್ಬಿಯಲ್ಲಿ ಬೇರೆ ಏನೇನೋ ಸೇರಿರುತ್ತದೆ, ತಿನ್ನುವುದಕ್ಕಲ್ಲ! ಇದರ ಹೊಳಪು ಚೆಂದ, ಆದರೆ ಇಲ್ಲಿನ ಬಿಸಿಲಿಗೆ ಕೆಲವೇ ತಿಂಗಳು. ಇದರ ಬದಲು ಹಾಕುವ ಪಾಲಿಮರ್ ಸೀಲಂಟು ಇನ್ನೂ ಜಾಸ್ತಿ ಬಾಳುತ್ತದೆ, ಸೆರಾಮಿಕ್ ಲೇಪ ಅದಕ್ಕಿಂತಲೂ ಜಾಸ್ತಿ. ಸೆರಾಮಿಕ್ ಎಲ್ಲ ದುಡ್ಡಿರುವವರ ಶೋಕಿ ಅಂತ ಹಿಂದಿನ ವೀಡಿಯೊದಲ್ಲಿ ಹೇಳಿದ್ದೆ. ಈ ಭುಜ ನೋವಿನಲ್ಲಿ ಆ ಮಾತು ವಾಪಸ್ ತೆಗೆದುಕೊಳ್ಳುವ ಯೋಚನೆ ಇದೆ.

ವ್ಯಾಕ್ಸ್ ಹಾಕಿದರೆ ಗೆರೆ ಬರುವುದೇ ಇಲ್ಲವಾ ಅಂತ ಕೇಳಬೇಡಿ. ಬರುತ್ತದೆ. ಆದರೆ ತೂತಿನೊಳಗೆ ಹೋಗಲಾರದೆ ಮೇಲೆ ಮೇಲೇ ಕೂರುತ್ತದೆ. ಒದ್ದೆ ಬಟ್ಟೆಗೇ ಹೋಗುತ್ತದೆ, ಸ್ಪ್ರೇ ಬೇಕಿಲ್ಲ.

ಕೊನೆಯದಾಗಿ ಇದು, ಎಲ್ಲಕ್ಕಿಂತ ಅಗ್ಗದ್ದು. ಚಾವಣಿ ಅಂಚಿನ ಉದ್ದಕ್ಕೂ ಮಳೆನೀರು ಹರಿಯುವ ಸಣ್ಣ ದೋಣಿ ಇದೆ, ಅದರ ತುದಿಯಲ್ಲಿ ನೀರು ಬೀಳುವ ಮೂತಿ. ಆ ಮೂತಿ ಎಷ್ಟು ಗಿಡ್ಡ ನೋಡಿ! ಸಣ್ಣ ಮಳೆಯಲ್ಲಿ ನೀರು ಹಾರುವುದೇ ಇಲ್ಲ, ಹಾಗೇ ಬಳಸಿಕೊಂಡು ಗೋಡೆಗೇ ಬರುತ್ತದೆ. ಇದನ್ನು ನೋಡಿದ್ದೇ ಮಾವ ಮೊದಲ ಸಲ ಉತ್ಸಾಹದಿಂದ ಮಾತಾಡಿದರು. "ಮೇಸ್ತ್ರಿ ಸಜ್ಜದ ಅಡಿಗೆ ಗೀರು ಬಿಡುವುದಿಲ್ಲವಾ, ಹಾಗೆ ಇದಕ್ಕೂ ಏನಾದರೂ ಮಾಡಬೇಕು." ಸರಿಯಾದ ಮಾತು. ಕಿಟಕಿ ಸಜ್ಜದ ಕೆಳಗೆ, ಅಂಚಿಗೆ ಹತ್ತಿರ, ಆ ಗೀರು ಇದ್ದರೆ ನೀರು ಅಲ್ಲೇ ತುಂಡಾಗಿ ಕೆಳಗೆ ಬೀಳುತ್ತದೆ, ಗೋಡೆ ಹಿಡಿಯುವುದಿಲ್ಲ. ಸಾಗರದ ಮಳೆ ಕಂಡವರಿಗೆ ಇದೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ಇದಕ್ಕೂ ಅಂಥ ಉಪಾಯ ಇದೆ, ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು, ನೀರನ್ನು ಗೋಡೆಯಿಂದ ಆಚೆ ಚೆಲ್ಲುತ್ತದೆ. ನಾಲ್ಕು ಮೂಲೆಗೆ ನಾಲ್ಕು. ಮಾವನೇ ಸಿಕ್ಕಿಸಿದರು, ಆಮೇಲೆ ಪೈಪಿನಲ್ಲಿ ನೀರು ಬಿಡಿಸಿ ನೋಡಿದರು. ಮೂರು ಕಡೆ ನೀರು ಚೆನ್ನಾಗಿ ಆಚೆ ಬಿತ್ತು. ಹಿಂದಿನ ಎಡ ಮೂಲೆಯದು ಸ್ವಲ್ಪ ಸಡಿಲ, ಇನ್ನೂ ಗೋಡೆ ಕಡೆಗೇ ತಿರುಗುತ್ತಿದೆ. ಅದಕ್ಕೊಂದು ಚೂರು ಸಿಲಿಕೋನ್ ಹಚ್ಚಬೇಕು.

ಗುರುವಾರ ಮಳೆ ಅಂತ ತೋರಿಸುತ್ತಿದೆ. ಗೆರೆ ಬಂತೋ ಇಲ್ಲವೋ ಮುಂದಿನ ವೀಡಿಯೊದಲ್ಲಿ ತೋರಿಸುತ್ತೇನೆ. ಪೂರ್ವದ ಗೋಡೆ ಇನ್ನೂ ಅರ್ಧ ಬಾಕಿ ಇದೆ, ಕ್ಯಾಮೆರಾ ಬ್ಯಾಟರಿ ಕೆಂಪಾಗಿದೆ, ಬರುತ್ತೇನೆ. ಮಾವ, ಆ ಬಕೆಟ್ ಕೊಡಿ ಇಲ್ಲಿ.