ವಿಟಮಿನ್ ತಾನೇ, ಕೊಟ್ಟರೆ ನಷ್ಟವೇನು?

[ತೆರೆಯ ಮೇಲೆ: ಸಿರಿಂಜ್ ಪಂಪ್‌ನ ಅಂಕಿಗಳು. ಮಾನಿಟರ್‌ನ ಬೀಪ್ ಸದ್ದು.]

"ನಂಜು ಮೈಗೆಲ್ಲ ಏರಿದೆ, ಬಿಪಿ ನಿಲ್ಲುತ್ತಿಲ್ಲ." ಐಸಿಯು ಬಾಗಿಲಿನ ಹೊರಗೆ ಕುಳಿತವರ ಜಂಘಾಬಲ ಉಡುಗಿಸುವ ಮಾತು ಇದು. ಶ್ವಾಸಕೋಶದಲ್ಲೋ ಮೂತ್ರನಾಳದಲ್ಲೋ ಶುರುವಾದ ಸೋಂಕಿನ ವಿರುದ್ಧ ದೇಹ ಲಂಗುಲಗಾಮಿಲ್ಲದೆ ಸೆಣಸಿ ತನ್ನ ಅಂಗಗಳನ್ನೇ ಕೆಡಿಸಿಕೊಂಡರೆ ಅದು ಸೆಪ್ಸಿಸ್. ಸಾಕಷ್ಟು ಸಲೈನ್ ಹರಿಸಿದ ಮೇಲೂ ಬಿಪಿ ಏರಿಸುವ ಔಷಧವಾದ ನಾರ್‌ಅಡ್ರಿನಾಲಿನ್ ಇಲ್ಲದೆ ರಕ್ತದೊತ್ತಡ ನಿಲ್ಲದೆ, ಜೀವಕೋಶಗಳ ಸಂಕಟವನ್ನು ಸೂಚಿಸುವ ಲ್ಯಾಕ್ಟೇಟ್ ಎಂಬ ರಾಸಾಯನಿಕವೂ ರಕ್ತದಲ್ಲಿ ಏರಿದ್ದರೆ ಅದು ಸೆಪ್ಟಿಕ್ ಶಾಕ್. 2017ರ ಒಂದೇ ವರ್ಷದಲ್ಲಿ ಸೆಪ್ಸಿಸ್‌ಗೆ ಸಂಬಂಧಿಸಿದ ಸಾವುಗಳು ಜಗತ್ತಿನಲ್ಲಿ ಸುಮಾರು 1.1 ಕೋಟಿ ಎಂಬ ಅಂದಾಜಿದೆ.

ಇಂಥ ರೋಗಕ್ಕೆ ನೆಲ್ಲಿಕಾಯಿಯಲ್ಲಿರುವ ವಿಟಮಿನ್ನೇ ಮದ್ದು ಎಂದರೆ ಯಾರಿಗೆ ಬೇಡ?

2016ರ ಜನವರಿ. ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ ವೈದ್ಯ ಪಾಲ್ ಮ್ಯಾರಿಕ್, ಸಾವಿನ ಅಂಚಿಗೆ ಬಂದಿದ್ದ ಒಬ್ಬ ರೋಗಿಗೆ ರಕ್ತನಾಳದ ಮೂಲಕ ಮೂರು ಔಷಧಗಳನ್ನು ಕೊಟ್ಟರು. ವಿಟಮಿನ್ ಸಿ ಆರು ಗಂಟೆಗೊಮ್ಮೆ 1.5 ಗ್ರಾಂ, ಥಯಮಿನ್ ಎಂಬ ಬಿ1 ಹನ್ನೆರಡು ಗಂಟೆಗೊಮ್ಮೆ 200 ಮಿಲಿಗ್ರಾಂ, ಜೊತೆಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್. ರೋಗಿ ಚೇತರಿಸಿಕೊಂಡರು. ಅಲ್ಲಿಂದ ಮುಂದೆ ಏಳು ತಿಂಗಳು ಇದೇ ಚಿಕಿತ್ಸೆ ನಡೆಯಿತು. ಕೊನೆಗೆ ತೆಗೆದ ಲೆಕ್ಕ ಹೀಗಿತ್ತು: ಈ ಚಿಕಿತ್ಸೆ ಪಡೆದ 47 ಮಂದಿಯಲ್ಲಿ ಸತ್ತವರು ನಾಲ್ವರು, ಅದಕ್ಕೂ ಹಿಂದಿನ ಏಳು ತಿಂಗಳ 47 ಮಂದಿಯಲ್ಲಿ ಹತ್ತೊಂಬತ್ತು.

[ತೆರೆಯ ಮೇಲೆ: 19, ಪಕ್ಕದಲ್ಲಿ 4. ಎರಡು ಸೆಕೆಂಡ್ ಮೌನ.]

ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಅದರ ಹಿಂದೆ ತರ್ಕವೂ ಇತ್ತು ಎನ್ನುವುದನ್ನು ಮರೆಯಬಾರದು. ಸೆಪ್ಸಿಸ್ ರೋಗಿಗಳ ರಕ್ತದಲ್ಲಿ ವಿಟಮಿನ್ ಸಿ ತಳ ಕಾಣುವಷ್ಟು ಇಳಿದಿರುತ್ತದೆ. ಬಿಪಿ ಏರಿಸುವ ನಾರ್‌ಅಡ್ರಿನಾಲಿನ್ ಅನ್ನು ದೇಹ ತಯಾರಿಸಿಕೊಳ್ಳಲು ಆ ವಿಟಮಿನ್ ಬೇಕೇ ಬೇಕು. ಮೇಕೆ ಅದನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ, ನಮಗೆ ಆ ಭಾಗ್ಯವಿಲ್ಲ.

ಆದರೆ ಆ ಎರಡು ಗುಂಪುಗಳನ್ನು ಚೀಟಿ ಎತ್ತಿ ವಿಂಗಡಿಸಿರಲಿಲ್ಲ. ಒಂದು ನಿನ್ನೆಯದು, ಇನ್ನೊಂದು ಇವತ್ತಿನದು. ನಡುವೆ ಋತು ಬದಲಾಗಿರುತ್ತದೆ, ಸೋಂಕುಗಳ ಬಗೆ ಬದಲಾಗಿರುತ್ತದೆ, ಹೊಸ ಮದ್ದಿನ ಹುರುಪಿನಲ್ಲಿ ಆರೈಕೆಯೂ ಚುರುಕಾಗಿರಬಹುದು. ಸಾವು ಐದರಲ್ಲಿ ಒಂದು ಪಾಲಿಗೆ ಇಳಿಯುವಂಥ ಪವಾಡ ಐಸಿಯುಗಳಲ್ಲಿ ಸುಲಭವಾಗಿ ನಡೆಯುವುದಿಲ್ಲ. ನನಗೆ ಅನುಮಾನ ಹುಟ್ಟಿಸುವುದು ಆ ಅಂಕಿಯ ಅಂದವೇ.

ಚೀಟಿ ಎತ್ತಿದ ಪರೀಕ್ಷೆಗಳೂ ಬಂದವು. 2019ರಲ್ಲಿ ಅಮೆರಿಕದಲ್ಲಿ 167 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಮುಖ್ಯ ಅಳತೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಉಪ ಅಳತೆಗಳಲ್ಲೊಂದಾದ ಸಾವಿನ ಪ್ರಮಾಣ ಕಡಿಮೆಯಿತ್ತು. ಉಪ ಅಳತೆಗಳು ಒಟ್ಟು 46! ಮಾವಿನ ಮರಕ್ಕೆ 46 ಕಲ್ಲು ಬೀರಿದರೆ ಒಂದೆರಡು ಕಾಯಿ ಉದುರುವುದು ಸಹಜ. 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ಗಳ ಪರೀಕ್ಷೆ ಬಂತು. ಮೊದಲ ಏಳು ದಿನಗಳಲ್ಲಿ ಬಿಪಿ ಔಷಧದ ಹಂಗಿಲ್ಲದೆ ಬದುಕಿದ್ದ ಅವಧಿ ಮೂರೂ ಔಷಧ ಪಡೆದವರಲ್ಲಿ ಸುಮಾರು 122 ಗಂಟೆ, ಬರೀ ಸ್ಟೀರಾಯ್ಡ್ ಪಡೆದವರಲ್ಲಿ 125. ಅಂದರೆ ಎರಡೂ ಒಂದೇ.

"ಸರಿ, ಲಾಭವಿಲ್ಲದಿದ್ದರೆ ಬೇಡ, ನಷ್ಟವಂತೂ ಇಲ್ಲವಲ್ಲ?" ಈ ಮಾತಿಗೆ ಪೆಟ್ಟು ಬಿದ್ದದ್ದು 2022ರಲ್ಲಿ. ಕೆನಡಾದವರ ಮುಂದಾಳತ್ವದ ಲೋವಿಟ್ ಪರೀಕ್ಷೆ, 872 ರೋಗಿಗಳು, ಬರೀ ವಿಟಮಿನ್ ಸಿ. 28ನೇ ದಿನದ ಹೊತ್ತಿಗೆ ಸತ್ತವರು ಅಥವಾ ಅಂಗಗಳು ಇನ್ನೂ ಯಂತ್ರ, ಔಷಧಗಳ ಆಸರೆಯಲ್ಲೇ ಇದ್ದವರು ವಿಟಮಿನ್ ಗುಂಪಿನಲ್ಲಿ ಶೇ. 44.5, ಹುಸಿಮದ್ದಿನ ಗುಂಪಿನಲ್ಲಿ ಶೇ. 38.5. ವಿಟಮಿನ್ ಪಡೆದವರ ಸ್ಥಿತಿಯೇ ಕೆಟ್ಟದಾಗಿತ್ತು.

ಇನ್ನೊಂದು ಅಪಾಯ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತದೆ.

[ತೆರೆಯ ಮೇಲೆ: ಬೆರಳತುದಿಯ ರಕ್ತದ ಹನಿ, ಗ್ಲುಕೋಮೀಟರ್ ಹತ್ತಿರದಿಂದ.]

ಉದಾಹರಣೆಗೆ, ನರ್ಸ್ ಬೆರಳು ಚುಚ್ಚಿ ಹನಿಯನ್ನು ಪಟ್ಟಿಗೆ ಮುಟ್ಟಿಸುತ್ತಾರೆ. ಮೀಟರ್ 190 ತೋರಿಸುತ್ತದೆ. ಕೆಲವು ಮೀಟರ್‌ಗಳು ಸಕ್ಕರೆಯನ್ನು ನೇರವಾಗಿ ನೋಡುವುದಿಲ್ಲ. ಪಟ್ಟಿಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಅಳೆಯುತ್ತವೆ. ರಕ್ತದ ತುಂಬ ವಿಟಮಿನ್ ಸಿ ಇದ್ದರೆ ಅದೂ ಅದೇ ವಿದ್ಯುತ್ತು ಹುಟ್ಟಿಸುತ್ತದೆ. ನಿಜವಾದ ಸಕ್ಕರೆ 60 ಇದ್ದರೂ ಇರಬಹುದು. 190 ನಂಬಿ ಇನ್ಸುಲಿನ್ ಏರಿಸಿದರೆ? ವೆಂಟಿಲೇಟರ್ ಮೇಲೆ ಮಲಗಿದವರು "ತಲೆ ಸುತ್ತುತ್ತಿದೆ" ಎಂದು ಹೇಳಲಾರರು. ಹೀಗಾಗಿ ಹೆಚ್ಚು ಪ್ರಮಾಣದ ವಿಟಮಿನ್ ಸಿ ಪಡೆಯುತ್ತಿರುವವರ ಸಕ್ಕರೆಯನ್ನು ಪ್ರಯೋಗಾಲಯದಲ್ಲೇ ಅಳೆಸಬೇಕು. ವಿಟಮಿನ್ ಸಿ ಒಡೆದು ಹುಟ್ಟುವ ಆಕ್ಸಲೇಟ್ ಮೂತ್ರಪಿಂಡದಲ್ಲಿ ಹರಳುಗಟ್ಟುವ ಭಯ ಬೇರೆ.

ಸೆಪ್ಸಿಸ್ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ 2021ರಲ್ಲೇ ವಿಟಮಿನ್ ಸಿ ಡ್ರಿಪ್ ಬೇಡವೆಂದು ಸೂಚಿಸಿತ್ತು. ಥಯಮಿನ್‌ನ ಮಾತು ಬೇರೆ. ಮದ್ಯವ್ಯಸನಿಗಳಿಗೆ, ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ ಸೊರಗಿದವರಿಗೆ ಅದರ ಕೊರತೆಯೇ ಲ್ಯಾಕ್ಟೇಟ್ ಏರಿಸಬಲ್ಲದು, ಅಂಥವರಿಗೆ ಕೊಡಲೇಬೇಕು. ತಮಾಷೆಯೆಂದರೆ, ಆ ಮೂರರಲ್ಲಿ ಬಿಪಿ ನಿಲ್ಲದ ಸೆಪ್ಟಿಕ್ ಶಾಕ್‌ಗೆ ಇಂದಿಗೂ ಬಳಕೆಯಲ್ಲಿ ಉಳಿದಿರುವುದು ವಿಟಮಿನ್ ಅಲ್ಲದ ಹೈಡ್ರೊಕಾರ್ಟಿಸೋನ್.

ಐಸಿಯು ಹೊರಗೆ ಕುಳಿತವರು ಏನಾದರೂ ಕೇಳಲೇಬೇಕಿದ್ದರೆ ಹೀಗೆ ಕೇಳಬಹುದು: "ಡಾಕ್ಟರೇ, ಮೊದಲ ಆಂಟಿಬಯಾಟಿಕ್ ಎಷ್ಟು ಗಂಟೆಗೆ ಕೊಟ್ಟಿರಿ?" ಶಾಕ್‌ಗೆ ಹೋದವರಿಗೆ ಅದು ಒಂದು ಗಂಟೆಯೊಳಗೆ ರಕ್ತನಾಳ ಸೇರಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ.