ಮೂತ್ರಚೀಲದ ಗೋಡೆಯಲ್ಲಿ ಸುಣ್ಣ

ಕೇಳುಗರೇ, ನಮಸ್ಕಾರ.

ಕಿಬ್ಬೊಟ್ಟೆಯ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಮೂತ್ರಚೀಲದ ಅಂಚಿಗೆ ತೆಳುವಾದ ಬಿಳಿ ಗೆರೆ ಕಾಣುತ್ತದೆ. ರಿಪೋರ್ಟಿನಲ್ಲಿ ‘ಕ್ಯಾಲ್ಸಿಫಿಕೇಶನ್’ ಎಂದಿರುತ್ತದೆ. ಗೋಡೆಯಲ್ಲಿ ಸುಣ್ಣ ಕಟ್ಟಿದೆ ಎಂದರ್ಥ. ಇದು ಕಲ್ಲಲ್ಲ. ಕಲ್ಲು ಚೀಲದ ಒಳಗಿರುತ್ತದೆ, ಮಗ್ಗುಲಾದರೆ ಸಾಮಾನ್ಯವಾಗಿ ಉರುಳುತ್ತದೆ. ಇದು ಗೋಡೆಯಲ್ಲೇ ಕೂತದ್ದು. ಬಾಳೆದಿಂಡಿನ ರಸ ಕುಡಿದು ಸುಮ್ನೆ ಕಾಯುತ್ತಾ ಕೂರಬೇಡಿ.

ಗೆರೆ ನೋಡಿದ ಮಾತ್ರಕ್ಕೆ ಕಾಯಿಲೆ ತಿಳಿಯುವುದಿಲ್ಲ. ರೋಗಿಯನ್ನು ಮಾತಾಡಿಸಬೇಕು. ಮೊದಲ ಪ್ರಶ್ನೆಯೇ, ‘ಎಲ್ಲೆಲ್ಲಿ ವಾಸವಾಗಿದ್ರಿ? ಅಲ್ಲಿ ಕೆರೆ, ಹೊಳೆಗೆ ಇಳಿದಿದ್ರಾ?’ ಇದನ್ನು ಕೇಳಲು ಕಾರಣವಿದೆ.

ಜಗತ್ತಿನಲ್ಲಿ ಈ ಸುಣ್ಣಕ್ಕೆ ದೊಡ್ಡ ಕಾರಣ ಶಿಸ್ಟೊಸೋಮ ಎಂಬ ಹುಳು. 1851ರಲ್ಲಿ ಕೈರೋದಲ್ಲಿ ಥಿಯೊಡೋರ್ ಬಿಲ್ಹಾರ್ಜ್ ಎಂಬ ಜರ್ಮನ್ ವೈದ್ಯರು ಇದನ್ನು ಕಂಡುಹಿಡಿದರು. ಈಜಿಪ್ಟಿನ ಮಮ್ಮಿಗಳ ಕಿಡ್ನಿಯಲ್ಲೂ ಇದರ ಮೊಟ್ಟೆ ಸಿಕ್ಕಿವೆ. ನೀರಿನ ಬಸವನಹುಳುವಿನಿಂದ ಹೊರಬಂದ ಮರಿ, ನೀರಿಗಿಳಿದವರ ಚರ್ಮ ತೂರಿ ಒಳಹೋಗುತ್ತದೆ. ಬೆಳೆದ ಹುಳು ಮೂತ್ರಚೀಲದ ಸುತ್ತಲಿನ ರಕ್ತನಾಳದಲ್ಲಿ ಮೊಟ್ಟೆ ಇಡುತ್ತದೆ. ಗೋಡೆಯಲ್ಲಿ ಸಿಕ್ಕಿಕೊಂಡ ಮೊಟ್ಟೆಗಳು ಸತ್ತು ಸುಣ್ಣವಾಗುತ್ತವೆ. ಆಫ್ರಿಕಾದಲ್ಲಿ ಇದು ಜಾಸ್ತಿ. ನಮ್ಮಲ್ಲಿ ಅಪರೂಪ, ಆದರೂ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಹಳ್ಳಿಯಲ್ಲಿ ಕಂಡದ್ದು ದಾಖಲಾಗಿದೆ. ಪರೀಕ್ಷೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗಿನ ಮೂತ್ರ ಕೊಡಬೇಕು. ಮೊಟ್ಟೆ ಹೆಚ್ಚಾಗಿ ಹೊರಬರುವುದು ಆಗಲೇ. ಸೂಕ್ಷ್ಮದರ್ಶಕದಲ್ಲಿ ಅದರ ಒಂದು ತುದಿಗೆ ಚಿಕ್ಕ ಮುಳ್ಳು ಕಾಣುತ್ತದೆ.

ಊರು ಬಿಟ್ಟು ಹೋಗದವರಲ್ಲಿ ನಾವು ಮೊದಲು ಹುಡುಕಬೇಕಾದ್ದು ಟಿಬಿ. ಅದು ಕಿಡ್ನಿಯಲ್ಲಿ ಶುರುವಾಗಿ, ಮೂತ್ರನಾಳದಲ್ಲಿ ಇಳಿದು, ಕೊನೆಗೆ ಚೀಲಕ್ಕೆ ಬರುತ್ತದೆ. ಹಾಗಾಗಿ ಕಿಡ್ನಿ ಚೆನ್ನಾಗಿದ್ದು ಚೀಲದಲ್ಲಷ್ಟೇ ಸುಣ್ಣವಿದ್ದರೆ ಟಿಬಿಯ ಅನುಮಾನ ಕಡಿಮೆ. ಟಿಬಿಯಲ್ಲಿ ಚೀಲ ಕುಗ್ಗುತ್ತದೆ, ಪದೇ ಪದೇ ಮೂತ್ರಕ್ಕೆ ಓಡಬೇಕಾಗುತ್ತದೆ. ಮೂತ್ರದಲ್ಲಿ ಕೀವಿನ ಕಣ ತುಂಬಿದ್ದೂ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮಾಮೂಲಿ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲವೇ? ಬೆಳಗಿನ ಮೊದಲ ಮೂತ್ರವನ್ನು ಕೆಲವು ದಿನ ಬಿಡದೆ ಟಿಬಿ ಪರೀಕ್ಷೆಗೆ ಕಳಿಸಲೇಬೇಕು.

ಹಿಂದೆ ಕ್ಯಾನ್ಸರಿಗೆ ಕೊಡುವ ಸೈಕ್ಲೋಫಾಸ್ಫಮೈಡ್ ಔಷಧಿಯೋ ಕಿಬ್ಬೊಟ್ಟೆಗೆ ರೇಡಿಯೇಷನ್ನೋ ಪಡೆದಿದ್ದರೆ ಅದನ್ನೂ ಹೇಳಿ. ಬಹಳ ದಿನ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿಸಿಕೊಂಡವರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದಿಂದಲೂ ಸುಣ್ಣ ಕಟ್ಟಬಹುದು.

ನನಗೆ ಹೆಚ್ಚು ಆತಂಕ ಕ್ಯಾನ್ಸರಿನದು. ಹುಳುವಿನ ಸೋಂಕು ಹಳೆಯದಾದರೆ ಅದರಿಂದಲೂ ಕ್ಯಾನ್ಸರ್ ಬರಬಹುದು. ಮೊದಲು ಸುತ್ತಲೂ ಇದ್ದ ಬಿಳಿ ಗೆರೆ ಹೊಸ ಎಕ್ಸ್‌ರೇಯಲ್ಲಿ ಒಂದು ಕಡೆ ಅಳಿಸಿಹೋಗಿದ್ದರೆ ಅದು ಗುಣವಾದ ಲಕ್ಷಣ ಅಂದುಕೊಳ್ಳಬಾರದು. ಗಡ್ಡೆ ಅಲ್ಲಿ ಗೋಡೆಯನ್ನು ತಿಂದಿರಬಹುದು. ಕೂಡಲೇ ಸಿಸ್ಟೊಸ್ಕೋಪಿಯಲ್ಲಿ, ಅಂದರೆ ಮೂತ್ರದ್ವಾರದಿಂದ ದುರ್ಬೀನು ಇಳಿಸಿ, ಒಳಗೆ ನೋಡಿ, ಆ ಜಾಗದಿಂದಲೇ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು.