ಗಟ್ಟಿಯಾಗುವುದು ನೀರು ಮಾತ್ರ

ಕೇಳುಗರೆಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅಡುಗೆಮನೆಯ ಕಟ್ಟೆಯ ಮೇಲೆ ರೇಡಿಯೊ ಇಟ್ಟುಕೊಂಡು ಕೆಲಸ ಮಾಡುತ್ತಿರುವವರನ್ನು, ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕುಳಿತವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ಫ್ರೀಜರಿನಲ್ಲಿಟ್ಟ ಪಾನೀಯಕ್ಕೆ ಏನಾಗುತ್ತದೆ ಎಂಬುದು ಇಂದಿನ ವಿಷಯ. ಅದಕ್ಕೆ ಉತ್ತರ ಒಂದೇ ಸಾಲಿನದು. ಗಟ್ಟಿಯಾಗುವುದು ನೀರು ಮಾತ್ರ, ಉಳಿದದ್ದನ್ನೆಲ್ಲ ಅದು ಆಚೆ ತಳ್ಳುತ್ತದೆ.

ನೀರಿನ ಕಣಗಳು ಚಳಿಗೆ ಸಾಲುಗಟ್ಟಿ, ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಆ ಸಾಲಿನಲ್ಲಿ ಸಕ್ಕರೆಗೆ ಜಾಗವಿಲ್ಲ, ಉಪ್ಪಿಗಿಲ್ಲ, ಬಣ್ಣಕ್ಕೂ ಇಲ್ಲ. ಜಾತ್ರೆಯಲ್ಲಿ ಐಸ್ ಕ್ಯಾಂಡಿ ಚೀಪಿದವರಿಗೆಲ್ಲ ಇದು ಗೊತ್ತಿರಬೇಕು. ನಾಲ್ಕು ಸಲ ಚೀಪುವಷ್ಟರಲ್ಲಿ ಕೆಂಪು ಬಣ್ಣವೂ ಸಿಹಿಯೂ ಬಾಯಿಗೆ ಬಂದುಬಿಡುತ್ತವೆ. ಕಡ್ಡಿಯ ಮೇಲೆ ಉಳಿಯುವುದು ಬಿಳಿಯ, ಸಪ್ಪೆ ಮಂಜುಗಡ್ಡೆ.

ನನ್ನ ಅಕ್ಕನ ಮನೆ ಸಾಗರದ ಸೀಮೆಯಲ್ಲಿದೆ. ಒಂದು ವರ್ಷ ಆಲೆಮನೆಯ ಕಾಲದಲ್ಲಿ ಅವಳು ಕಬ್ಬಿನ ಹಾಲನ್ನು ಬಟ್ಟೆಯಲ್ಲಿ ಸೋಸಿ, ಶುಂಠಿ, ನಿಂಬೆರಸ ಸೇರಿಸಿ, ಆರು ಬಾಟಲಿಗಳಿಗೆ ತುಂಬಿಸಿ ಫ್ರೀಜರಿನಲ್ಲಿಟ್ಟಳು. ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಮಗ, ಸೊಸೆ, ಜೊತೆಗೆ ಬೀಗರೂ ಬರುವವರಿದ್ದರು. ಅವರು ಬರುವ ದಿನ ಬೆಳಿಗ್ಗೆ ಐದು ಬಾಟಲಿ ಹೊರತೆಗೆದು ಜಗುಲಿಯಲ್ಲಿಟ್ಟಳು. ಹತ್ತು ಗಂಟೆಗೆ ಬೀಗರು ಬಂದಾಗ ಬಾಟಲಿಗಳಲ್ಲಿ ಅರ್ಧ ನೀರು, ಅರ್ಧ ಗಡ್ಡೆ. ಕರಗಿದಷ್ಟನ್ನು ಲೋಟಗಳಿಗೆ ಬಗ್ಗಿಸಿ ಕೊಟ್ಟಳು. ಬೀಗರು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅಷ್ಟು ಸಿಹಿ, ಗಂಟಲು ಕಟ್ಟುವಂಥ ಸಿಹಿ. ಒಂದು ಗಂಟೆ ಬಿಟ್ಟು ತೋಟದಿಂದ ಬಂದ ಭಾವನಿಗೂ ಕೆಲಸದವರಿಗೂ ಅದೇ ಬಾಟಲಿಗಳಿಂದ ಕೊಟ್ಟರೆ ಪಾತ್ರೆ ತೊಳೆದ ನೀರಿನಂತಿತ್ತು. ಮೊದಲು ಬಂದವರಿಗೆ ಪಾಕ, ಆಮೇಲೆ ಬಂದವರಿಗೆ ನೀರು. ಅಕ್ಕನಿಗೆ ಅಳುವೇ ಬಂದಿತ್ತು. "ತಮ್ಮಾ, ಈ ಫ್ರಿಜ್ ಕಬ್ಬಿನ ಹಾಲನ್ನೆಲ್ಲ ಕೆಡಿಸಿಹಾಕಿತು ಕಣೋ" ಎಂದು ಫೋನ್ ಮಾಡಿದಳು.

ಮರುದಿನ ಹೋದೆ. ಉಳಿದಿದ್ದ ಆರನೆಯ ಬಾಟಲಿಯನ್ನು ಹೊರತೆಗೆದು, ಮೂರು ಗಾಜಿನ ಲೋಟ ಸಾಲಾಗಿ ಇಡು ಎಂದೆ. ಮೊದಲು ಕರಗಿದ್ದು ಮೊದಲ ಲೋಟಕ್ಕೆ ಬಿತ್ತು, ಹೊಸ ಬೆಲ್ಲದ ಬಣ್ಣ. ಎರಡನೆಯದು ಎಳೆ ಚಹಾದ ಹಾಗೆ. ಮೂರನೆಯ ಲೋಟದ ಆಚೆ ಹಿಡಿದ ಬೆರಳು ಕಾಣುತ್ತಿತ್ತು. ಮೂರನ್ನೂ ಒಂದು ಪಾತ್ರೆಗೆ ಸುರಿದು, ಎತ್ತಿ ಹೊಯ್ದು ಬೆರೆಸಿ ಕೊಟ್ಟೆ. ಅಕ್ಕ ಕುಡಿದಳು, ಏನೂ ಹೇಳದೆ ಇನ್ನೊಂದು ಲೋಟ ತುಂಬಿಸಿಕೊಂಡಳು. ಆಲೆಮನೆಯಲ್ಲಿ ಕುಡಿದ ಅದೇ ಕಬ್ಬಿನ ಹಾಲು! ದಯವಿಟ್ಟು ಫ್ರಿಜ್ಜಿನ ಮೇಲೆ ತಪ್ಪು ಹೊರಿಸಬೇಡಿ. ಪೂರ್ತಿ ಕರಗುವವರೆಗೆ ಕಾಯಿರಿ, ಅಲ್ಲಾಡಿಸಿ, ಆಮೇಲೆ ಬಗ್ಗಿಸಿ. ಮುರುಗಲು ಹಣ್ಣಿನ ಪಾನಕಕ್ಕೂ ಎಳನೀರಿಗೂ ಇದೇ ಕ್ರಮ.

ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಬೆಂಕಿ ಹಾಕಿ ನೀರನ್ನು ಆವಿಯಾಗಿ ಓಡಿಸುತ್ತೇವೆ, ಸಿಹಿ ದಪ್ಪವಾಗಿ ಜೋನಿ ಬೆಲ್ಲವಾಗುತ್ತದೆ. ಫ್ರೀಜರಿನೊಳಗೂ ನಡೆಯುವುದು ಅದೇ, ಅಲ್ಲಿ ನೀರನ್ನು ಬೇರೆ ಮಾಡುವುದು ಚಳಿ. ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಕಟ್ಟಿದರೆ ಕಬ್ಬಿನ ಹಾಲು ಇನ್ನೂ ಒಂದು ಡಿಗ್ರಿಗಿಂತ ತುಸು ಕೆಳಗಿಳಿದ ಮೇಲೆ ಗಡ್ಡೆಕಟ್ಟಲು ತೊಡಗುತ್ತದೆ. ನೀರು ಬೇರೆಯಾದಷ್ಟೂ ಉಳಿದ ಪಾಕ ದಪ್ಪವಾಗುತ್ತದೆ, ದಪ್ಪವಾದಷ್ಟೂ ಅದನ್ನು ಗಟ್ಟಿ ಮಾಡುವುದು ಕಷ್ಟ. ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಗಡ್ಡೆಯ ಸಂದುಗಳಲ್ಲಿ ಒಂದಿಷ್ಟು ಪಾಕ ಮೆತ್ತಗೇ ಉಳಿದಿರುತ್ತದೆ. ಮೊದಲು ಕರಗಿ ಬೀಗರ ಲೋಟಕ್ಕೆ ಬಿದ್ದದ್ದು ಅದು.

ಇನ್ನು ಬಾಟಲಿಯ ಮಾತು. ಗಟ್ಟಿಯಾಗುವಾಗ ನೀರು ಹಿಗ್ಗುತ್ತದೆ, ಹೆಚ್ಚುಕಡಿಮೆ ನೂರಕ್ಕೆ ಒಂಬತ್ತು ಪಾಲು. ಒಂದು ಲೀಟರ್ ನೀರು ಗಡ್ಡೆಯಾದರೆ ಅದಕ್ಕೆ ಸುಮಾರು 1,090 ಮಿಲಿಲೀಟರ್ ಜಾಗ ಬೇಕು. ಲೋಟದಲ್ಲಿ ಮಂಜುಗಡ್ಡೆ ತೇಲುವುದೂ ಈ ಹಿಗ್ಗುವಿಕೆಯಿಂದಲೇ. ಕಂಠಮಟ್ಟ ತುಂಬಿ ಮುಚ್ಚಳ ಬಿಗಿದ ಬಾಟಲಿಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ ಆದರೆ ಉಬ್ಬುತ್ತದೆ, ಗಾಜಾದರೆ ಒಡೆಯುತ್ತದೆ. ಬಾಟಲಿಯ ಮೇಲ್ಭಾಗದಲ್ಲಿ ನಾಲ್ಕು ಬೆರಳು ಖಾಲಿ ಬಿಡಿ. ಸೋಡಾವನ್ನಂತೂ ಫ್ರೀಜರಿನ ಹತ್ತಿರ ಒಯ್ಯಲೇಬೇಡಿ. ನೀರು ಸಕ್ಕರೆಯನ್ನು ತಳ್ಳಿದ ಹಾಗೆ ಗಾಳಿಯನ್ನೂ ತಳ್ಳುತ್ತದೆ. ಒಂದು ಕಡೆ ಹಿಗ್ಗುವ ಗಡ್ಡೆ, ಇನ್ನೊಂದು ಕಡೆ ಹೊರಬಂದ ಅನಿಲದ ಒತ್ತಡ, ನಡುವೆ ಗಾಜು. ಚೂರುಗಳು ಮಕ್ಕಳ ಮುಖಕ್ಕೆ ಸಿಡಿಯಬಹುದು.

ಹಾಲಿಗೆ ಹೆಚ್ಚು ಹೊತ್ತು ಕೊಡಬೇಕೆಂದಿದ್ದೆ, ಸಮಯ ಸಾಲದು. ಹೆಪ್ಪು ಹಾಕಿದರೂ ಹಾಲು ಗಟ್ಟಿಯಾಗುತ್ತದೆ, ಚಳಿಯಲ್ಲೂ ಹೆಪ್ಪುಗಟ್ಟುತ್ತದೆ. ಪದ ಒಂದೇ, ಕೆಲಸ ಬೇರೆ. ಚಳಿಗೆ ಹಾಲಿನ ನೀರು ಹರಳಾಗುವಾಗ ಜಿಡ್ಡಿನ ಕಣಗಳ ಹೊದಿಕೆ ಹರಿಯುತ್ತದೆ. ಕರಗಿಸಿದಾಗ ಮೇಲೆ ತುಣುಕು ತುಣುಕಾಗಿ ಜಿಡ್ಡು ತೇಲುವುದು ಇದರಿಂದ. ಅದು ಒಡೆದ ಹಾಲಲ್ಲ, ಚೆನ್ನಾಗಿ ಕಲಕಿ ಕಾಯಿಸಿ ಕಾಫಿಗೆ ಬಳಸಬಹುದು. ಮಜ್ಜಿಗೆಯಲ್ಲಿ ನೀರು ಬೇರೆ ನಿಲ್ಲುತ್ತದೆ, ಕಡೆದರೆ ಸರಿಹೋಗುತ್ತದೆ.

ಕಡೆಯದಾಗಿ ಮಳೆಗಾಲದ ಒಂದು ವಿಷಯ. ಫ್ರೀಜರಿನ ಚಳಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲುವುದಿಲ್ಲ, ಸುಮ್ಮನೆ ಮಲಗಿಸುತ್ತದೆ. ಕರಗಿ ಬೆಚ್ಚಗಾದರೆ ಎದ್ದು ಮತ್ತೆ ಹೆಚ್ಚುತ್ತವೆ. ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗಲೋ. ನೀವು ಊರಿನಲ್ಲಿಲ್ಲದಾಗ ಒಳಗಿನದೆಲ್ಲ ಕರಗಿ, ಮತ್ತೆ ಗಟ್ಟಿಯಾಗಿದ್ದರೆ ನೋಡಿದರೆ ತಿಳಿಯದು. ಅದಕ್ಕೆ ಈಗಲೇ ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿಡಿ. ಪೂರ್ತಿ ಗಡ್ಡೆಯಾದ ಮೇಲೆ ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟುಬಿಡಿ. ಊರಿಂದ ಬಂದಾಗ ನಾಣ್ಯ ಮೇಲೇ ಇದ್ದರೆ ನಿಶ್ಚಿಂತೆ. ಗಡ್ಡೆಯ ತಳದಲ್ಲಿ ಕಂಡರೆ, ಒಳಗಿರುವ ಹಾಲು ಎಷ್ಟೇ ಗಟ್ಟಿಯಾಗಿರಲಿ, ಚೆಲ್ಲಿಬಿಡಿ. ನಮಸ್ಕಾರ.